ಕ್ರಿಯೇಟಿನ್: ಕಾಸರಗೋಡಿನ ಕಬಡ್ಡಿ ಅಂಗಳದಲ್ಲೂ ಮನೆಯಲ್ಲೂ ಪದೇ ಪದೇ ಕೇಳುವ ಪ್ರಶ್ನೆಗಳು

ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಹುಡುಗರು ಸಂಜೆ ಜಿಮ್ಮಿಗೆ ಹೋಗುವುದು, ರಜೆ ಇದ್ದರೆ ಕಬಡ್ಡಿ ಪಂದ್ಯಾಟಕ್ಕೆ ಹೋಗುವುದು ಈಗ ಹೊಸತೇನಲ್ಲ. ಜೊತೆಗೆ ಮನೆಯ ಕಪಾಟಿನಲ್ಲಿ ಒಂದು ಬಿಳಿ ಪುಡಿಯ ಡಬ್ಬವೂ ಬಂದು ಕೂತಿದೆ. ಹುಡುಗರು ಕೇಳುವುದು "ಎಷ್ಟು ಚಮಚ?" ಅಂತ. ಮನೆಯವರು ಕೇಳುವುದು "ಕಿಡ್ನಿ ಹೋಗುತ್ತದಾ?" ಅಂತ. ಎರಡೂ ಕಡೆಯ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಈ ಪುಡಿಯ ಲಾಭ ನಿಜ, ಆದರೆ ಸಣ್ಣದು. ಅದರ ಬಗ್ಗೆ ಇರುವ ಹೆದರಿಕೆ ಹೆಚ್ಚಿನದು ಅನಗತ್ಯ, ಆದರೆ ಪೂರ್ತಿ ಅಲ್ಲ.

ಇದು ಸ್ಟಿರಾಯ್ಡಾ?

ಅಲ್ಲ. ಸ್ಟಿರಾಯ್ಡ್ ಹಾರ್ಮೋನಿನ ಜಾತಿಗೆ ಸೇರಿದ್ದು. ಕ್ರಿಯೇಟಿನ್ ನಮ್ಮ ದೇಹ ದಿನಾ ತಾನೇ ತಯಾರಿಸುವ ವಸ್ತು. ಆರ್ಜಿನಿನ್, ಗ್ಲೈಸಿನ್, ಮೆಥಿಯೊನಿನ್ ಎಂಬ ಮೂರು ಅಮೈನೋ ಆಮ್ಲಗಳಿಂದ ಮೂತ್ರಪಿಂಡ ಮತ್ತು ಯಕೃತ್ತು ಸೇರಿ ದಿನಕ್ಕೆ ಸುಮಾರು 1 ಗ್ರಾಂ ಮಾಡುತ್ತವೆ. ಮೀನು, ಮಾಂಸ ತಿನ್ನುವವರಿಗೆ ಊಟದಿಂದ ಇನ್ನೊಂದಿಷ್ಟು ಸಿಗುತ್ತದೆ. 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಒಟ್ಟು 120ರಿಂದ 140 ಗ್ರಾಂ ಕ್ರಿಯೇಟಿನ್ ಇರುತ್ತದೆ. ಅದರಲ್ಲಿ ನೂರಕ್ಕೆ 95 ಭಾಗ ಇರುವುದು ಸ್ನಾಯುಗಳಲ್ಲೇ.

ಮೈಯಲ್ಲಿ ಇದ್ದು ಅದು ಮಾಡುವ ಕೆಲಸ ಏನು?

ಸ್ನಾಯು ಓಡುವುದು ಎಟಿಪಿ ಎಂಬ ಅಣುವಿನ ಬಲದಲ್ಲಿ. ಜೋರಾಗಿ ಓಡಿದರೆ ಕೈಯಲ್ಲಿರುವ ಎಟಿಪಿ ಎರಡು ಮೂರು ಸೆಕೆಂಡಿಗೆ ಮಾತ್ರ ಸಾಕು. ಉಸಿರಾಟದ ಆಮ್ಲಜನಕದಿಂದ ಹೊಸ ಎಟಿಪಿ ತಯಾರಾಗಲು ಹೊತ್ತು ಬೇಕು. ನಡುವಿನ ಆ ಹೊತ್ತನ್ನು ತುಂಬಿಸುವುದು, ಸ್ನಾಯುವಿನೊಳಗೆ ಕ್ರಿಯೇಟಿನ್ ಫಾಸ್ಫೇಟಿನ ಜೊತೆ ಸೇರಿ ಆಗುವ ಫಾಸ್ಫೋಕ್ರಿಯೇಟಿನ್. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ಇನ್ವರ್ಟರ್ ಹಿಡಿದುಕೊಳ್ಳುತ್ತದಲ್ವಾ, ಹಾಗೆ. ತಕ್ಷಣ ಬರುತ್ತದೆ, ಬೇಗ ಮುಗಿಯುತ್ತದೆ. ಸುಮಾರು ಹತ್ತು ಸೆಕೆಂಡಿನ ಜೋರಿನ ಕೆಲಸಕ್ಕೆ ಸಾಕು, ವಿಶ್ರಾಂತಿ ಸಿಕ್ಕರೆ ಮತ್ತೆ ತುಂಬುತ್ತದೆ. ಪುಡಿ ತಿಂದರೆ ಈ ದಾಸ್ತಾನು ಸ್ವಲ್ಪ ದೊಡ್ಡದಾಗುತ್ತದೆ. ವಿಷಯ ಇಷ್ಟೇ.

ಈ ಫಾಸ್ಫೋಕ್ರಿಯೇಟಿನ್ ಇದೆ ಅಂತ 1927ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ದಕ್ಷಿಣದವರೇ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕೆ ಜೊತೆ ಕೆಲಸ ಮಾಡುತ್ತಿದ್ದಾಗ ಇದು ಸಿಕ್ಕಿತು. ಎರಡು ವರ್ಷದ ಮೇಲೆ, 1929ರಲ್ಲಿ, ಅವರಿಬ್ಬರೂ ಎಟಿಪಿಯನ್ನೂ ಸ್ನಾಯುವಿನಿಂದ ಬೇರ್ಪಡಿಸಿದರು. ಜಿಮ್ ಗೋಡೆಯ ಮೇಲೆ ಪೈಲ್ವಾನರ ಫೋಟೋ ಪಕ್ಕ ಇವರದ್ದೂ ಒಂದು ಹಾಕಬಹುದಿತ್ತು.

ಇದೆಲ್ಲ ಪುಡಿ ಕಂಪನಿಗಳ ಪ್ರಚಾರ ಅಲ್ವಾ?

ಪ್ರಚಾರ ಜಾಸ್ತಿ ಇದೆ, ಒಪ್ಪುತ್ತೇನೆ. ಆದರೆ ಕ್ರಿಯೇಟಿನ್ ವಿಷಯ ಕಂಪನಿಗಳಿಗಿಂತ ಬಹಳ ಹಳತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್ ಇದನ್ನು ಮಾಂಸದ ಸಾರಿನಿಂದ ಬೇರ್ಪಡಿಸಿದ್ದು 1832ರಲ್ಲಿ. ಜರ್ಮನಿಯ ಲೀಬಿಗ್ 1847ರಲ್ಲಿ ಇನ್ನೊಂದು ಸ್ವಾರಸ್ಯ ಗಮನಿಸಿದ. ಕಾಡಲ್ಲಿ ಓಡಾಡಿಕೊಂಡಿದ್ದ ನರಿಯ ಮಾಂಸದಲ್ಲಿ, ಕಟ್ಟಿ ಸಾಕಿದ ನರಿಯದ್ದಕ್ಕಿಂತ ಕ್ರಿಯೇಟಿನ್ ಎಷ್ಟೋ ಪಟ್ಟು ಹೆಚ್ಚಿತ್ತು.

ತಿಂದರೆ ಸ್ನಾಯುವಿನಲ್ಲಿ ನಿಜಕ್ಕೂ ಹೆಚ್ಚುತ್ತದಾ ಎಂಬುದು ಗಟ್ಟಿಯಾಗಿ ತಿಳಿದದ್ದು 1992ರಲ್ಲಿ. ರೋಜರ್ ಹ್ಯಾರಿಸ್ ಮತ್ತು ಸ್ವೀಡನ್ನಿನ ಜೊತೆಗಾರರು ಜನರಿಗೆ 5 ಗ್ರಾಂನಂತೆ ದಿನಕ್ಕೆ ನಾಲ್ಕರಿಂದ ಆರು ಸಲ ಕೊಟ್ಟು, ತೊಡೆಯ ಸ್ನಾಯುವಿನ ಚೂರು ತೆಗೆದು ಅಳೆದರು. ಹೆಚ್ಚಿತ್ತು. ಮೊದಲೇ ಕಡಿಮೆ ಇದ್ದವರಲ್ಲಿ ಜಾಸ್ತಿ ಹೆಚ್ಚಿತ್ತು. ಅದೇ ವರ್ಷ ಬಾರ್ಸಿಲೋನಾ ಒಲಿಂಪಿಕ್ಸ್ ನಡೆಯಿತು, ಬ್ರಿಟನ್ನಿನ ಕೆಲವು ಓಟಗಾರರು ಇದನ್ನು ಬಳಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಡಬ್ಬಗಳ ವ್ಯಾಪಾರ ಶುರುವಾದದ್ದು ಅದರ ನಂತರ.

ನನ್ನ ಆಟಕ್ಕೆ ಉಪಯೋಗ ಉಂಟಾ?

ಆಟ ಯಾವುದು ಎಂಬುದರ ಮೇಲೆ ಹೋಗುತ್ತದೆ. ಕಬಡ್ಡಿಯ ಒಂದು ರೇಡ್ 30 ಸೆಕೆಂಡ್. ಅದರಲ್ಲೂ ನಿಜವಾದ ಜೋರು ಇರುವುದು ನುಗ್ಗಿ ಮುಟ್ಟಿ ಗೆರೆಗೆ ಹಾರುವ ಮೂರು ನಾಲ್ಕು ಸೆಕೆಂಡಿನಲ್ಲಿ. ಮತ್ತೆ ಸ್ವಲ್ಪ ಬಿಡುವು, ಮತ್ತೆ ಜೋರು. ಕ್ರಿಯೇಟಿನ್ ಹೇಳಿ ಮಾಡಿಸಿದ್ದು ಇಂಥ ಆಟಕ್ಕೆ. ವಾಲಿಬಾಲ್ ಸ್ಮ್ಯಾಶ್, 100 ಮೀಟರ್ ಓಟ, ಗುಂಡೆಸೆತ, ಭಾರ ಎತ್ತುವುದು, ಫುಟ್‌ಬಾಲಿನ ಮತ್ತೆ ಮತ್ತೆ ಬರುವ ಸ್ಪ್ರಿಂಟ್, ಎಲ್ಲವೂ ಇದೇ ಸಾಲಿಗೆ. ಕೆಸರುಗದ್ದೆಯಲ್ಲಿ ಕೋಣದ ಹಿಂದೆ ಓಡುವವನ ಓಟವೂ ಹತ್ತು ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತದೆ. ಲೆಕ್ಕ ಅವನಿಗೂ ಹೊಂದುತ್ತದೆ. ಆದರೆ ಕಂಬಳದ ಓಟಗಾರರ ಮೇಲೆ ಪ್ರಯೋಗ ಮಾಡಿದ ವರದಿ ನಾನು ಕಂಡಿಲ್ಲ.

ದೂರದ ಓಟ, ಸೈಕ್ಲಿಂಗ್, ರಾತ್ರಿ ಪೂರ್ತಿ ಯಕ್ಷಗಾನದ ಕುಣಿತ ಇವಕ್ಕೆ ಹೆಚ್ಚಿನ ಉಪಯೋಗ ಇಲ್ಲ. ತೂಕ ಒಂದು ಕಿಲೋ ಏರಿದರೆ ಉಲ್ಟಾ ತೊಂದರೆಯೇ.

ಐರೋಪ್ಯ ಒಕ್ಕೂಟದ ಆಹಾರ ಸುರಕ್ಷತಾ ಪ್ರಾಧಿಕಾರ ಕೂಡ ಇಷ್ಟನ್ನೇ ಒಪ್ಪಿದೆ: ಕಡಿಮೆ ಹೊತ್ತಿನ, ಜೋರಿನ, ಮತ್ತೆ ಮತ್ತೆ ಮಾಡುವ ವ್ಯಾಯಾಮದಲ್ಲಿ ದಿನಕ್ಕೆ 3 ಗ್ರಾಂ ಕ್ರಿಯೇಟಿನ್ ಸಾಮರ್ಥ್ಯ ಹೆಚ್ಚಿಸುತ್ತದೆ. ಕಂಪನಿಗಳ ಆರೋಗ್ಯದ ಮಾತುಗಳನ್ನು ಸಾಲು ಸಾಲಾಗಿ ತಳ್ಳಿಹಾಕುವ ಸಂಸ್ಥೆ ಅದು. ಅದರ ಕೈಯಿಂದ ಪಾಸಾಗುವುದು ಸಣ್ಣ ಮಾತಲ್ಲ.

ಲಾಭ ಎಷ್ಟು? ಲೆಕ್ಕದಲ್ಲಿ ಹೇಳಿ.

2003ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಬರೀ ವ್ಯಾಯಾಮ ಮಾಡಿ, ಕ್ರಿಯೇಟಿನ್ ಇಲ್ಲದ ಹುಸಿ ಪುಡಿ ತಿಂದವರ ಬಲ ಸರಾಸರಿ ನೂರಕ್ಕೆ 12 ಹೆಚ್ಚಿತ್ತು. ವ್ಯಾಯಾಮದ ಜೊತೆ ಕ್ರಿಯೇಟಿನ್ ತಿಂದವರದ್ದು ನೂರಕ್ಕೆ 20. ಅಂದರೆ ಹೆಚ್ಚುವರಿ 8. ಆ ಮೊದಲ 12 ಎಲ್ಲಿಂದ ಬಂತು ನೋಡಿ. ಬೆವರಿನಿಂದ. ಅಭ್ಯಾಸಕ್ಕೆ ವಾರಕ್ಕೊಮ್ಮೆ ಬಂದು ಪುಡಿ ಮಾತ್ರ ದಿನಾ ತಿನ್ನುವವರಿಗೆ ಈ ಲೆಕ್ಕ ಇಷ್ಟವಾಗುವುದಿಲ್ಲ.

ಇನ್ನೊಂದು ಹೊಸ ಲೆಕ್ಕ ಆಸ್ಟ್ರೇಲಿಯಾದ್ದು, 2025ರದ್ದು. ಸಿಡ್ನಿಯ ಸಂಶೋಧಕರು ಒಂದು ಗುಂಪಿಗೆ 13 ವಾರ ದಿನಾ 5 ಗ್ರಾಂ ಕೊಟ್ಟರು. ಮೊದಲ ವಾರ ವ್ಯಾಯಾಮ ಇಲ್ಲ, ಆಮೇಲೆ 12 ವಾರ ಭಾರ ಎತ್ತುವ ತರಬೇತಿ. ಮೊದಲ ವಾರದಲ್ಲೇ ಕೊಬ್ಬಲ್ಲದ ತೂಕ ಅರ್ಧ ಕಿಲೋ ಏರಿತು, ಅದು ಬಹುಪಾಲು ನೀರು. ನಂತರದ 12 ವಾರದಲ್ಲಿ ತಿಂದವರೂ ತಿನ್ನದವರೂ ಸಮಸಮ ಬೆಳೆದರು. ಇದರಿಂದ ಹಳೆಯದೆಲ್ಲ ಸುಳ್ಳಾಯಿತು ಅಂತ ಅಲ್ಲ. ಆದರೆ "ಮಾಂಸಖಂಡ ಏರಿತು" ಎನ್ನುವ ಹಳೆಯ ಲೆಕ್ಕಗಳಲ್ಲಿ ನೀರಿನ ಪಾಲೂ ಇದ್ದಿರಬೇಕು ಎಂಬ ಅನುಮಾನ ಗಟ್ಟಿಯಾಯಿತು. ಬಲದ ವಿಷಯದಲ್ಲಿ ಪುರಾವೆ ಚೆನ್ನಾಗಿದೆ. ಕನ್ನಡಿಯಲ್ಲಿ ಕಾಣುವ ವ್ಯತ್ಯಾಸದ ವಿಷಯದಲ್ಲಿ ನಾನು ಯಾರಿಗೂ ಆಸೆ ಹುಟ್ಟಿಸುವುದಿಲ್ಲ.

ಕೆಲವರಿಗೆ ಏನೂ ಆಗುವುದಿಲ್ಲ, ಅದೂ ಇದೆ. ಅವರ ಸ್ನಾಯುವಿನಲ್ಲಿ ಮೊದಲೇ ದಾಸ್ತಾನು ತುಂಬಿರುತ್ತದೆ, ಇನ್ನು ಹಿಡಿಯುವುದಿಲ್ಲ.

ದಿನಾ ಬಂಗುಡೆ, ಬೂತಾಯಿ ತಿನ್ನುತ್ತೇವೆ. ಅಷ್ಟು ಸಾಲದಾ?

ಒಳ್ಳೆಯ ಪ್ರಶ್ನೆ. ಬೂತಾಯಿಯ ಕುಟುಂಬಕ್ಕೇ ಸೇರಿದ ಹೆರಿಂಗ್ ಎಂಬ ಮೀನಿನಲ್ಲಿ ಕಿಲೋಗೆ 6.5ರಿಂದ 10 ಗ್ರಾಂ ಕ್ರಿಯೇಟಿನ್ ಇದೆ. ಸಾಲ್ಮನ್ ಮೀನು, ದನದ ಮಾಂಸದಲ್ಲಿ ಸುಮಾರು 4.5 ಗ್ರಾಂ. ಇದೆಲ್ಲ ಹಸಿ ಮೀನಿನ ಲೆಕ್ಕ. ಕುದಿಸಿದರೆ, ಹುರಿದರೆ ಒಂದಿಷ್ಟು ಕಡಿಮೆಯಾಗುತ್ತದೆ, ಒಂದಿಷ್ಟು ಸಾರಿಗೆ ಇಳಿಯುತ್ತದೆ. ಹಾಗಾಗಿ ಮೀನು ಬದಿಗಿಟ್ಟು ಗಸಿ ಮಾತ್ರ ಕಲಸಿ ಉಣ್ಣುವವರಿಗೂ ಸ್ವಲ್ಪ ಸಿಗುತ್ತದೆ!

ಸಾಮಾನ್ಯವಾಗಿ ಮೀನು ಮಾಂಸ ತಿನ್ನುವವರಿಗೆ ದಿನಕ್ಕೆ 1 ಗ್ರಾಂ ಆಚೀಚೆ ಸಿಗಬಹುದು. 3 ಗ್ರಾಂ ಬೇಕಾದರೆ ದಿನಾ ಅರ್ಧ ಕಿಲೋ ಆಚೀಚೆ ಮೀನು ತಿನ್ನಬೇಕು. ಈಗಿನ ಬಂಗುಡೆ ರೇಟಿನಲ್ಲಿ ಪುಡಿಯೇ ಅಗ್ಗ. ಹಾಗಂತ ಮೀನು ಬಿಡಬೇಡಿ. ಪ್ರೊಟೀನು, ಒಮೆಗಾ-3, ಅಯೋಡಿನ್ ಯಾವುದೂ ಆ ಬಿಳಿ ಡಬ್ಬದಲ್ಲಿ ಇಲ್ಲ.

ನಮ್ಮದು ಸಸ್ಯಾಹಾರಿ ಮನೆ. ಇದು ಪ್ರಾಣಿಯಿಂದ ಮಾಡಿದ್ದಾ?

ಅಲ್ಲ. ಪುಡಿಯನ್ನು ಕಾರ್ಖಾನೆಯಲ್ಲಿ ಸಾರ್ಕೋಸಿನ್ ಮತ್ತು ಸಯನಮೈಡ್ ಎಂಬ ರಾಸಾಯನಿಕಗಳಿಂದ ತಯಾರಿಸುತ್ತಾರೆ, ಮಾಂಸ ಎಲ್ಲೂ ಬರುವುದಿಲ್ಲ. ಕ್ಯಾಪ್ಸೂಲ್ ಆದರೆ ಹೊರಗಿನ ಕವಚ ಜಿಲಾಟಿನ್ ಇರಬಹುದು, ಅದು ಪ್ರಾಣಿಯದ್ದು. ಡಬ್ಬದ ಮೇಲೆ ಹಸಿರು ಚುಕ್ಕೆ ನೋಡಿ ತಗೊಳ್ಳಿ.

ನಿಜ ಹೇಳಬೇಕೆಂದರೆ ಪುಡಿಯಿಂದ ಹೆಚ್ಚು ಲಾಭ ಆಗುವುದು ಸಸ್ಯಾಹಾರಿಗಳಿಗೇ. ತಂಬುಳಿ, ಮಜ್ಜಿಗೆ ಹುಳಿ, ಬೇಳೆ, ತರಕಾರಿ ಯಾವುದರಲ್ಲೂ ಕ್ರಿಯೇಟಿನ್ ಲೆಕ್ಕಕ್ಕೆ ಬರುವಷ್ಟು ಇಲ್ಲ. ಹಾಲಿನಲ್ಲಿ ಇದ್ದರೂ ತೀರಾ ಕಡಿಮೆ. ಮೈ ತಾನೇ ಮಾಡಿಕೊಂಡದ್ದರಲ್ಲೇ ದಿನ ಕಳೆಯಬೇಕು. 2003ರ ಕೆನಡಾದ ಅಧ್ಯಯನವೊಂದರಲ್ಲಿ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಕ್ರಿಯೇಟಿನ್ ಕಡಿಮೆ ಇತ್ತು. ಪುಡಿ ಕೊಟ್ಟು ಎಂಟು ವಾರ ತರಬೇತಿ ಮಾಡಿಸಿದಾಗ ಮಾಂಸಾಹಾರಿಗಳಿಗಿಂತ ಅವರಿಗೇ ಹೆಚ್ಚು ಏರಿಕೆ ಕಂಡಿತು. ನೀರ್ಚಾಲು, ಪೆರ್ಲ ಕಡೆಯ ಹವ್ಯಕ ಹುಡುಗರು ಇದನ್ನು ಓದಿ ಅಮ್ಮನಿಗೂ ತೋರಿಸಬಹುದು.

ದಿನಕ್ಕೆ ಎಷ್ಟು? ಲೋಡಿಂಗ್ ಮಾಡಬೇಕಾ?

ದಿನಕ್ಕೆ 3ರಿಂದ 5 ಗ್ರಾಂ. ಲೋಡಿಂಗ್ ಅಂದರೆ ಮೊದಲ ಐದಾರು ದಿನ 20 ಗ್ರಾಂ ತಿಂದು ಬೇಗ ತುಂಬಿಸುವುದು. 1996ರಲ್ಲಿ ಹಲ್ಟ್‌ಮನ್ ತಂಡ ಎರಡನ್ನೂ ಹೋಲಿಸಿತು. 6 ದಿನ 20 ಗ್ರಾಂ ತಿಂದರೂ, 28 ದಿನ ಬರೀ 3 ಗ್ರಾಂ ತಿಂದರೂ ಕೊನೆಗೆ ಸ್ನಾಯು ತಲುಪಿದ ಮಟ್ಟ ಒಂದೇ, ಸುಮಾರು ನೂರಕ್ಕೆ 20 ಹೆಚ್ಚಳ. ಮುಂದಿನ ವಾರವೇ ಪಂದ್ಯ ಇಲ್ಲದಿದ್ದರೆ ಲೋಡಿಂಗ್ ಯಾಕೆ? ಸುಮ್ನೆ ಪುಡಿ ಖರ್ಚು. ಒಂದೇ ಸಲ 10 ಗ್ರಾಂ ನುಂಗಿದರೆ ಹೊಟ್ಟೆ ಕೆಡುವುದೂ ಜಾಸ್ತಿ.

ಬೆಳಿಗ್ಗೆಯೋ ಸಂಜೆಯೋ, ಊಟದ ಮೊದಲೋ ನಂತರವೋ ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದಿನಾ ತಗೊಳ್ಳುವುದು ಮುಖ್ಯ, ಅಭ್ಯಾಸ ಇಲ್ಲದ ದಿನವೂ. ಡಬ್ಬದೊಳಗಿನ ಚಮಚ ಒಂದೊಂದು ಕಂಪನಿಯದ್ದು ಒಂದೊಂದು ಅಳತೆ. ಅಡುಗೆಮನೆಯ ಚಮಚ ಇನ್ನೊಂದು. ಅಕ್ಕಸಾಲಿಗರ ತಕ್ಕಡಿಯಷ್ಟು ನಿಖರ ಬೇಡ, ಆದರೆ ಒಮ್ಮೆ ತೂಗಿ ನೋಡಿಕೊಳ್ಳಿ.

ಕಿಡ್ನಿ ಹಾಳಾಗುತ್ತದಂತೆ. ನಿಜವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೈಯಲ್ಲಿರುವ ಕ್ರಿಯೇಟಿನಿನಲ್ಲಿ ನೂರಕ್ಕೆ ಒಂದೋ ಎರಡೋ ಪಾಲು ದಿನಾ ತಾನಾಗಿ ಕ್ರಿಯಾಟಿನಿನ್ ಎಂಬ ಕಸವಾಗಿ ಮಾರ್ಪಡುತ್ತದೆ. ಅದು ರಕ್ತಕ್ಕೆ ಬಂದು, ಕಿಡ್ನಿಯ ಮೂಲಕ ಮೂತ್ರದಲ್ಲಿ ಹೋಗುತ್ತದೆ. ಲ್ಯಾಬಿನವರು ರಕ್ತದಲ್ಲಿ ಅಳೆಯುವುದು ಈ ಕ್ರಿಯಾಟಿನಿನ್ ಅನ್ನು. ಕಿಡ್ನಿ ಸೋತರೆ ಅದು ರಕ್ತದಲ್ಲಿ ಉಳಿದು ಏರುತ್ತದೆ. ಆದರೆ ಏರಲು ಬೇರೆ ಕಾರಣಗಳೂ ಉಂಟು. ಮಾಂಸಖಂಡ ಜಾಸ್ತಿ ಇದ್ದರೆ ಏರುತ್ತದೆ. ಹಿಂದಿನ ರಾತ್ರಿ ಗಡದ್ದಾಗಿ ಮಾಂಸದೂಟ ಮಾಡಿದ್ದರೆ ಏರುತ್ತದೆ. ಕ್ರಿಯೇಟಿನ್ ಪುಡಿ ತಿಂದರೂ ಸ್ವಲ್ಪ ಏರುತ್ತದೆ. ಕಿಡ್ನಿ ಗಟ್ಟಿಮುಟ್ಟಾಗಿದ್ದರೂ ವರದಿಯಲ್ಲಿ ಅಂಕಿ ಮೇಲೆ ಹೋಗಿರುತ್ತದೆ. ಅದೇ ಅಂಕಿಯಿಂದ ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತದೆ ಎಂಬ ಅಂದಾಜು, ಕೆಳಗೆ ಇಳಿದಿರುತ್ತದೆ. ಮನೆಯಲ್ಲಿ ಗಲಾಟೆ ಶುರು.

ಇದಕ್ಕೆ ದಾರಿ ಇದೆ. ರಕ್ತ ಕೊಡುವ ಮೊದಲೇ ವೈದ್ಯರಿಗೆ "ಕ್ರಿಯೇಟಿನ್ ತಗೊಳ್ತಾ ಇದ್ದೇನೆ" ಅಂತ ಹೇಳಿ. ಕನ್ನಡದಲ್ಲೋ ಮಲಯಾಳದಲ್ಲೋ ತುಳುವಿನಲ್ಲೋ, ಹೇಳಿ ಅಷ್ಟೇ. ಸಂಶಯ ಬಂದರೆ ಅವರು ಸಿಸ್ಟಾಟಿನ್ ಸಿ ಎಂಬ ಬೇರೆ ಪರೀಕ್ಷೆ ಬರೆದುಕೊಡಬಹುದು. ಅದಕ್ಕೂ ಕ್ರಿಯೇಟಿನಿಗೂ ಸಂಬಂಧ ಇಲ್ಲ. ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಿದೆಯಾ ಎಂದೂ ನೋಡಬಹುದು. ಇಲ್ಲವಾದರೆ ಕೆಲವು ವಾರ ಪುಡಿ ನಿಲ್ಲಿಸಿ ಮತ್ತೆ ರಕ್ತ ಕೊಡುವುದು. ಗಲ್ಫಿಗೆ ಹೊರಟವರಿಗೆ ಒಂದು ಕಿವಿಮಾತು. ವೀಸಾ ಮೆಡಿಕಲ್‌ನಲ್ಲಿ ಕಿಡ್ನಿ ಪರೀಕ್ಷೆ ಇದ್ದರೆ ಒಂದು ತಿಂಗಳು ಮೊದಲೇ ಪುಡಿ ನಿಲ್ಲಿಸಿಬಿಡಿ. ಆ ಕೌಂಟರಿನಲ್ಲಿ ನಿಂತು ಜೀವರಸಾಯನಶಾಸ್ತ್ರ ವಿವರಿಸುವ ಅವಕಾಶ ಸಿಗುವುದಿಲ್ಲ.

ಇನ್ನು ಸಂಶೋಧನೆ. ಆರೋಗ್ಯವಂತರಲ್ಲಿ ಕಿಡ್ನಿಗೆ ಹಾನಿ ಕಂಡಿಲ್ಲ. 1999ರಲ್ಲಿ ಬೆಲ್ಜಿಯಂನವರು ಹತ್ತು ತಿಂಗಳಿಂದ ಐದು ವರ್ಷದವರೆಗೆ ತಿಂದ ಆಟಗಾರರನ್ನು ಪರೀಕ್ಷಿಸಿದರು, ಕಿಡ್ನಿ ಸರಿಯಾಗಿಯೇ ಇತ್ತು. ಅಂತಾರಾಷ್ಟ್ರೀಯ ಕ್ರೀಡಾ ಪೋಷಣೆ ಸಂಘ 2017ರಲ್ಲಿ ಅಷ್ಟರವರೆಗಿನ ಪುರಾವೆ ಒಟ್ಟುಗೂಡಿಸಿ ಅದೇ ಮಾತು ಹೇಳಿತು. ಹೆದರಿಕೆ ಹುಟ್ಟಿದ್ದು ಬಹುಮಟ್ಟಿಗೆ 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಬ್ಬ ರೋಗಿಯ ವರದಿಯಿಂದ. ಆ ಯುವಕನಿಗೆ ಮೊದಲೇ ಗಂಭೀರ ಕಿಡ್ನಿ ಕಾಯಿಲೆ ಇತ್ತು, ಸೈಕ್ಲೋಸ್ಪೊರಿನ್ ಎಂಬ ಮದ್ದೂ ನಡೆಯುತ್ತಿತ್ತು. ಪುಡಿ ನಿಲ್ಲಿಸಿದ ಮೇಲೆ ಅಂಕಿ ಮೊದಲಿನ ಹಾಗಾಯಿತು.

ಹಾಗಾದರೆ ಯಾರಿಗೂ ಅಪಾಯ ಇಲ್ಲವಾ? ಹಾಗಲ್ಲ. ಕಿಡ್ನಿ ಕಾಯಿಲೆ ಇದ್ದವರು, ಸಕ್ಕರೆ ಕಾಯಿಲೆಯಿಂದಲೋ ಬಿಪಿಯಿಂದಲೋ ಕಿಡ್ನಿಗೆ ಪೆಟ್ಟಾದವರು, ಕಿಡ್ನಿಯ ಮೇಲೆ ಭಾರ ಹಾಕುವ ಮದ್ದು ತಿನ್ನುವವರು, ದಿನಾ ನೋವಿನ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ನಮ್ಮ ಕಡೆ ಸಕ್ಕರೆ ಕಾಯಿಲೆ ಇರುವವರು ಕಡಿಮೆ ಇಲ್ಲ, ಎಷ್ಟೋ ಜನರಿಗೆ ಇದೆಯೆಂದೇ ಗೊತ್ತಿರುವುದಿಲ್ಲ. ನಲವತ್ತು ದಾಟಿದವರು ಶುರು ಮಾಡುವ ಮೊದಲು ಒಮ್ಮೆ ರಕ್ತ, ಮೂತ್ರ, ಬಿಪಿ ನೋಡಿಸಿಕೊಂಡರೆ ಒಳ್ಳೆಯದು. ಮೊದಲಿನ ಅಂಕಿ ಕೈಯಲ್ಲಿದ್ದರೆ ಮುಂದೆ ಹೋಲಿಸಲಿಕ್ಕೂ ಆಗುತ್ತದೆ.

ಕೂದಲು ಉದುರುತ್ತದಾ?

2009ರಲ್ಲಿ ದಕ್ಷಿಣ ಆಫ್ರಿಕಾದ 20 ರಗ್ಬಿ ಆಟಗಾರರ ಮೇಲೆ ಒಂದು ಸಣ್ಣ ಅಧ್ಯಯನ ನಡೆಯಿತು. ಒಂದು ವಾರ ಲೋಡಿಂಗ್ ಮಾಡಿದಾಗ ಡಿಎಚ್‌ಟಿ ಎಂಬ ಹಾರ್ಮೋನು ನೂರಕ್ಕೆ 56 ಏರಿತು. ಬೋಳುತಲೆಗೆ ಆ ಹಾರ್ಮೋನಿನ ನಂಟು ಇದೆ. ಅಷ್ಟೇ, ಯೂಟ್ಯೂಬಿನವರು ಉಳಿದದ್ದನ್ನು ತಾವೇ ಕಟ್ಟಿಕೊಂಡರು. ಆ ಅಧ್ಯಯನದಲ್ಲಿ ಯಾರ ಕೂದಲನ್ನೂ ಎಣಿಸಿರಲಿಲ್ಲ. ಏರಿದ ಹಾರ್ಮೋನು ಕೂಡ ಸಾಮಾನ್ಯ ಮಿತಿಯೊಳಗೇ ಇತ್ತು. 2025ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗದಲ್ಲಿ ಕೂದಲನ್ನೇ ನೇರವಾಗಿ ಪರೀಕ್ಷಿಸಿದರು. ದಿನಕ್ಕೆ 5 ಗ್ರಾಂ ತಿಂದವರಿಗೂ ತಿನ್ನದವರಿಗೂ ಕೂದಲಲ್ಲಾಗಲಿ ಡಿಎಚ್‌ಟಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅಪ್ಪನಿಗೂ ಅಜ್ಜನಿಗೂ ಬೋಳು ಇದ್ದರೆ ಡಬ್ಬವನ್ನು ಬೈಯುವುದು ಬೇಡ.

ತೂಕದ ವಿಭಾಗದಲ್ಲಿ ಆಡುತ್ತೇನೆ. ತೊಂದರೆ ಆಗುತ್ತದಾ?

ಆಗಬಹುದು. ಕ್ರಿಯೇಟಿನ್ ಸ್ನಾಯುವಿನೊಳಗೆ ನೀರನ್ನು ಎಳೆದುಕೊಳ್ಳುತ್ತದೆ. ಲೋಡಿಂಗ್ ಮಾಡಿದರೆ ಒಂದೇ ವಾರದಲ್ಲಿ ಒಂದರಿಂದ ಎರಡು ಕಿಲೋ ಏರುವುದು ಸಾಮಾನ್ಯ. 60 ಕಿಲೋ ವಿಭಾಗದ ಕಬಡ್ಡಿಗೆ 59.5 ಇರುವವನು ಪಂದ್ಯದ ಹಿಂದಿನ ವಾರ ಶುರು ಮಾಡಿದರೆ ತಕ್ಕಡಿಯ ಹತ್ತಿರವೇ ಸೋಲು. ಶುರು ಮಾಡುವುದಿದ್ದರೆ ಪಂದ್ಯಾಟ ಇಲ್ಲದ ಮಳೆಗಾಲದಲ್ಲಿ, ಸಣ್ಣ ಪ್ರಮಾಣದಲ್ಲಿ ಮಾಡಿ.

ತೂಕ ಇಳಿಸಲಿಕ್ಕೆ ನೀರು ಬಿಡುವುದು, ಪ್ಲಾಸ್ಟಿಕ್ ಜಾಕೆಟ್ ಹಾಕಿ ಬಿಸಿಲಲ್ಲಿ ಓಡುವುದು ಮಾತ್ರ ಖಂಡಿತ ಬೇಡ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಕೆಲವೇ ವಾರಗಳಲ್ಲಿ ಸತ್ತರು. ಮೊದಲು ಕ್ರಿಯೇಟಿನ್ ಮೇಲೆ ಅನುಮಾನ ಬಂತು. ತನಿಖೆಯಲ್ಲಿ ಕಂಡದ್ದು ಬೇರೆ: ಮೂವರೂ ತೂಕ ಇಳಿಸಲು ನೀರು ಬಿಟ್ಟು, ಬೆವರಿಳಿಸುವ ಬಟ್ಟೆ ಹಾಕಿ, ಬಿಸಿ ಕೋಣೆಯಲ್ಲಿ ವ್ಯಾಯಾಮ ಮಾಡಿದ್ದರು.

ನಮ್ಮ ಸೆಖೆಯಲ್ಲಿ ಇದನ್ನು ತಿಂದರೆ ಸೆಳೆತ ಬರುತ್ತದೆ ಅನ್ನುತ್ತಾರೆ?

ಅಧ್ಯಯನಗಳಲ್ಲಿ ಹಾಗೆ ಕಂಡಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್ ಆಟಗಾರರನ್ನು ಗಮನಿಸಿದ 2003ರ ಒಂದು ವರದಿಯಲ್ಲಿ ಕ್ರಿಯೇಟಿನ್ ತಿಂದವರಿಗೇ ಸೆಳೆತ ಕಡಿಮೆ ಇತ್ತು. ಏಪ್ರಿಲ್ ತಿಂಗಳ ಕಾಸರಗೋಡಿನಲ್ಲಿ ಯಾರು ಆಡಿದರೂ ಸೆಳೆತ ಬರುತ್ತದೆ. ನೀರು, ಉಪ್ಪು ಹಾಕಿದ ಗಂಜಿ ತಿಳಿ ಅಥವಾ ಮಜ್ಜಿಗೆ ಜೊತೆಗಿರಲಿ.

ಉಪವಾಸದ ತಿಂಗಳಲ್ಲಿ?

ಇಫ್ತಾರ್ ನಂತರ ಅಥವಾ ಸಹರಿಯಲ್ಲಿ, ಎರಡರಲ್ಲಿ ಒಂದು ಹೊತ್ತು. ಸಾಕು.

ಮಗನಿಗೆ ಹದಿನೈದು. ಕೋಚ್ ತಗೋ ಅಂದಿದ್ದಾರಂತೆ.

ನನ್ನ ಉತ್ತರ: ಬೇಡ. ಮಕ್ಕಳಲ್ಲಿ ಹಾನಿ ಕಂಡಿದೆ ಎಂದಲ್ಲ. ಅಪರೂಪದ ಹುಟ್ಟು ಕಾಯಿಲೆಗಳಲ್ಲಿ, ಕ್ರಿಯೇಟಿನ್ ತಯಾರಿಸಲಾಗದ ಮಕ್ಕಳಿಗೆ ವೈದ್ಯರೇ ಇದನ್ನು ಮದ್ದಾಗಿ ಕೊಡುತ್ತಾರೆ. ಆದರೆ ಆರೋಗ್ಯವಾಗಿ ಆಡುತ್ತಿರುವ ಹದಿಹರೆಯದವರ ಮೇಲೆ ದೀರ್ಘಕಾಲದ ಅಧ್ಯಯನ ಕಡಿಮೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹದಿನೆಂಟರ ಒಳಗಿನವರಿಗೆ ಬೇಡ ಎನ್ನುತ್ತದೆ. ಹದಿನೈದರ ಹುಡುಗನಿಗೆ ಹೊಟ್ಟೆ ತುಂಬ ಊಟ, ಮೊಟ್ಟೆ ಅಥವಾ ಹೆಸರುಕಾಳು, ಎಂಟೊಂಬತ್ತು ಗಂಟೆ ನಿದ್ದೆ, ಸರಿಯಾದ ತರಬೇತಿ ಕೊಟ್ಟರೆ ಆಗುವ ಏರಿಕೆಯ ಮುಂದೆ ಈ ಪುಡಿ ಏನೂ ಅಲ್ಲ.

ಹೆಂಗಸರು, ವಯಸ್ಸಾದವರು ತಗೊಳ್ಳಬಹುದಾ?

ತಗೊಳ್ಳಬಹುದು. ಗಂಡಸಿನ ಹಾಗೆ ಮೈ ಬೆಳೆಯುತ್ತದೆ ಎಂಬ ಹೆದರಿಕೆ ಬೇಡ, ಇದರಲ್ಲಿ ಹಾರ್ಮೋನು ಇಲ್ಲ. ಬಸುರಿ, ಬಾಣಂತಿಯರು ಬಿಟ್ಟುಬಿಡುವುದು ಒಳ್ಳೆಯದು.

ನನ್ನ ದೃಷ್ಟಿಯಲ್ಲಿ ಜಿಮ್ ಹುಡುಗರಿಗಿಂತ ಇದರ ಬಗ್ಗೆ ಯೋಚಿಸಬೇಕಾದವರು ಅರವತ್ತು ದಾಟಿದವರು. ವಯಸ್ಸಾದಂತೆ ಸ್ನಾಯು ಸವೆಯುತ್ತದೆ, ಮೆಟ್ಟಿಲು ಹತ್ತುವುದು, ನೆಲದಿಂದ ಏಳುವುದು ಕಷ್ಟ. 2017ರಲ್ಲಿ 22 ಅಧ್ಯಯನಗಳ 721 ಜನರ ಲೆಕ್ಕ ಒಟ್ಟು ಹಾಕಿದಾಗ, ಭಾರದ ವ್ಯಾಯಾಮದ ಜೊತೆ ಕ್ರಿಯೇಟಿನ್ ತಗೊಂಡ ಹಿರಿಯರಲ್ಲಿ ಕೊಬ್ಬಲ್ಲದ ತೂಕ ಸರಾಸರಿ 1.4 ಕಿಲೋದಷ್ಟು ಹೆಚ್ಚುವರಿ ಏರಿತ್ತು, ಕೈಕಾಲಿನ ಬಲವೂ ಏರಿತ್ತು. "ವ್ಯಾಯಾಮದ ಜೊತೆ" ಎಂಬಲ್ಲಿ ಅಡಿಗೆರೆ ಹಾಕಿಕೊಳ್ಳಿ. ಜಗಲಿಯಲ್ಲಿ ಕೂತು ಪುಡಿ ತಿಂದರೆ ಹೆಚ್ಚೇನೂ ಆಗುವುದಿಲ್ಲ.

ಮೂಳೆಗೆ ಒಳ್ಳೆಯದು ಎಂಬ ಜಾಹೀರಾತು ನಂಬಬೇಡಿ. ಮುಟ್ಟು ನಿಂತ 237 ಮಹಿಳೆಯರ ಮೇಲೆ ಕೆನಡಾದಲ್ಲಿ ಎರಡು ವರ್ಷ ನಡೆದ ಪ್ರಯೋಗದ ಫಲ 2023ರಲ್ಲಿ ಬಂತು. ಮೂಳೆಯ ಸಾಂದ್ರತೆಯಲ್ಲಿ ಲಾಭ ಕಾಣಲಿಲ್ಲ.

ನೆನಪಿನ ಶಕ್ತಿ ಹೆಚ್ಚುತ್ತದಂತೆ? ಪಾರ್ಕಿನ್ಸನ್‌ಗೆ ಮದ್ದಂತೆ?

ಎರಡನ್ನು ಬೇರೆ ಬೇರೆ ನೋಡೋಣ. ಮೆದುಳೂ ಎಟಿಪಿ ಬಳಸುತ್ತದೆ, ಹಾಗಾಗಿ ಆಸೆ ಹುಟ್ಟಿದ್ದು ಸಹಜ. 2003ರಲ್ಲಿ ಸಿಡ್ನಿಯಲ್ಲಿ 45 ಸಸ್ಯಾಹಾರಿ ಯುವಜನರಿಗೆ ಆರು ವಾರ 5 ಗ್ರಾಂ ಕೊಟ್ಟಾಗ ನೆನಪಿನ ಪರೀಕ್ಷೆಯಲ್ಲಿ ಅಂಕ ಹೆಚ್ಚಿತು. 2024ರಲ್ಲಿ ಜರ್ಮನಿಯವರು ಒಂದು ರಾತ್ರಿ ನಿದ್ದೆಗೆಟ್ಟವರಿಗೆ ಒಂದೇ ಸಲ ದೊಡ್ಡ ಪ್ರಮಾಣ ಕೊಟ್ಟು ನೋಡಿದರು, ಮೆದುಳು ಸ್ವಲ್ಪ ಚುರುಕಾಗಿತ್ತು. ಅದರಲ್ಲಿ ಇದ್ದವರು 15 ಜನ ಮಾತ್ರ. ಅದೇ ವರ್ಷ ಐರೋಪ್ಯ ಪ್ರಾಧಿಕಾರ ಎಲ್ಲ ಪುರಾವೆ ನೋಡಿ, ಬುದ್ಧಿಶಕ್ತಿಯ ವಿಷಯದಲ್ಲಿ ಸಂಬಂಧ ಸಾಬೀತಾಗಿಲ್ಲ ಎಂದಿತು. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳಿಗೆ ಪುಡಿ ಕೊಡುವ ಯೋಚನೆ ಇದ್ದವರು ಅದನ್ನು ಕೈಬಿಡಿ.

ಪಾರ್ಕಿನ್ಸನ್ ಕಥೆ ಬೇಸರದ್ದು. ಇಲಿಗಳಲ್ಲಿ ಫಲ ಕಂಡಿತ್ತು. ಅಮೆರಿಕ, ಕೆನಡಾಗಳಲ್ಲಿ 1,741 ರೋಗಿಗಳನ್ನು ಸೇರಿಸಿ, ದಿನಕ್ಕೆ 10 ಗ್ರಾಂನಂತೆ ಕನಿಷ್ಠ ಐದು ವರ್ಷ ಕೊಡುವ ದೊಡ್ಡ ಪ್ರಯೋಗ ಶುರುವಾಯಿತು. ಪ್ರಯೋಜನ ಇಲ್ಲವೆಂದು 2013ರಲ್ಲಿ ನಿಲ್ಲಿಸಿದರು. ಹಂಟಿಂಗ್ಟನ್ ಎಂಬ ಮೆದುಳಿನ ಕಾಯಿಲೆಯಲ್ಲಿ ದಿನಕ್ಕೆ 40 ಗ್ರಾಂವರೆಗೂ ಕೊಟ್ಟರು, ಅದೂ ಅಷ್ಟೇ. ಮನೆಯಲ್ಲಿ ಇಂಥ ರೋಗಿ ಇದ್ದು ಯಾರಾದರೂ ವಾಟ್ಸಾಪಿನಲ್ಲಿ ಪುಡಿಯ ಬಗ್ಗೆ ಕಳಿಸಿದರೆ ಇಷ್ಟು ನೆನಪಿರಲಿ. ಒಂದು ಮಾತ್ರ ಲಾಭ ಆಯಿತು: ಅಷ್ಟು ಜನ, ಅಷ್ಟು ವರ್ಷ ತಿಂದರೂ ದೊಡ್ಡ ಅಡ್ಡಪರಿಣಾಮ ಕಾಣಲಿಲ್ಲ.

ಯಾವ ಡಬ್ಬ ತಗೊಳ್ಳಬೇಕು? ದುಬೈಯಿಂದ ಮಾವ ತಂದದ್ದು ಇದೆ.

ಬೇಕಾದ್ದು ಕ್ರಿಯೇಟಿನ್ ಮೊನೊಹೈಡ್ರೇಟ್, ಬೇರೆ ಏನೂ ಸೇರದ್ದು. ಈಥೈಲ್ ಎಸ್ಟರ್, ಬಫರ್ಡ್, ಎಚ್‌ಸಿಎಲ್ ಎಂದು ದುಬಾರಿ ಹೆಸರುಗಳಿವೆ. ಮೊನೊಹೈಡ್ರೇಟಿಗಿಂತ ಮೇಲು ಎಂದು ಯಾವುದೂ ತೋರಿಸಿಲ್ಲ. ಈಥೈಲ್ ಎಸ್ಟರ್ ಅಂತೂ ಹೊಟ್ಟೆಯಲ್ಲೇ ಕಸವಾಗುವುದು ಜಾಸ್ತಿ. ಕ್ರಿಯೇಟಿನ್ ಜೊತೆ ಇಪ್ಪತ್ತು ಬಗೆ ಸೇರಿಸಿದ ಬಣ್ಣದ "ಪ್ರೀ-ವರ್ಕೌಟ್" ಪುಡಿಯಲ್ಲಿ ಎಷ್ಟು ಏನಿದೆ ಎಂಬುದೇ ಗೊತ್ತಾಗುವುದಿಲ್ಲ.

ದೊಡ್ಡ ಅಪಾಯ ಇರುವುದು ಇಲ್ಲೇ, ಕ್ರಿಯೇಟಿನಿನಲ್ಲಿ ಅಲ್ಲ. 2004ರಲ್ಲಿ ಪ್ರಕಟವಾದ ಒಂದು ತನಿಖೆಯಲ್ಲಿ 13 ದೇಶಗಳ 634 ಪೂರಕ ಆಹಾರಗಳನ್ನು ಪರೀಕ್ಷಿಸಿದಾಗ, ನೂರಕ್ಕೆ ಸುಮಾರು 15ರಲ್ಲಿ ಲೇಬಲಿನಲ್ಲಿ ಹೇಳದ ಹಾರ್ಮೋನು ಪದಾರ್ಥ ಸಿಕ್ಕಿತ್ತು. ನಮ್ಮ ಕೇರಳದ ವೈದ್ಯರ ತಂಡವೇ 2024ರಲ್ಲಿ ದೇಶದಲ್ಲಿ ಮಾರುವ 36 ಪ್ರೊಟೀನ್ ಪುಡಿಗಳನ್ನು ನೋಡಿತು. ಹೆಚ್ಚಿನವುಗಳಲ್ಲಿ ಲೇಬಲಿಗೂ ಒಳಗಿನದ್ದಕ್ಕೂ ತಾಳೆ ಇರಲಿಲ್ಲ.

ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ 14 ಅಂಕಿ ಇದೆಯಾ, ಬ್ಯಾಚ್ ನಂಬರು, ತಯಾರಿ ದಿನಾಂಕ, ಸೀಲ್ ಸರಿ ಇದೆಯಾ ನೋಡಿ. ಸ್ವತಂತ್ರ ಲ್ಯಾಬಿನ ವರದಿ ಕೊಡುವ ಕಂಪನಿ ಆದರೆ ಇನ್ನೂ ಒಳ್ಳೆಯದು. ಕನ್ನಡದಲ್ಲಿ ಲೇಬಲ್ ಸಿಗುವುದು ಬೆಂಗಳೂರಿನಲ್ಲೇ ಕಷ್ಟ, ಗಡಿಯಾಚೆ ಇರುವ ನಮಗೆ ಆ ಆಸೆ ಇಲ್ಲ. ಮಾವ ತಂದ ಡಬ್ಬ ಅಸಲಿ ಆಗಿದ್ದು, ಮೊನೊಹೈಡ್ರೇಟ್ ಮಾತ್ರ ಇದ್ದು, ಅವಧಿ ಮುಗಿಯದಿದ್ದರೆ ಧಾರಾಳವಾಗಿ ಬಳಸಿ. ಅರ್ಧ ಖಾಲಿಯಾದ ಡಬ್ಬವನ್ನು ಯಾರಾದರೂ ಜಿಮ್ಮಿನಲ್ಲಿ ಮಾರಿದರೆ ಬೇಡ.

ಹಣದ ಲೆಕ್ಕ ಗ್ರಾಂನಲ್ಲಿ ಮಾಡಿ. 250 ಗ್ರಾಂ ಡಬ್ಬ ದಿನಕ್ಕೆ 3 ಗ್ರಾಂನಂತೆ 83 ದಿನ ಬರುತ್ತದೆ.

ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೇನಾ?

ಕ್ರಿಯೇಟಿನ್ ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆಯಾದ ವಾಡಾದ ನಿಷೇಧ ಪಟ್ಟಿಯಲ್ಲಿ ಇಲ್ಲ. ಆದರೆ ಕಲಬೆರಕೆ ಪುಡಿಯಲ್ಲಿ ಸ್ಟಿರಾಯ್ಡ್ ಇದ್ದರೆ "ನನಗೆ ಗೊತ್ತಿರಲಿಲ್ಲ" ಎಂಬ ಮಾತು ನಡೆಯುವುದಿಲ್ಲ. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡುವವರು ಬ್ಯಾಚ್ ಬ್ಯಾಚಾಗಿ ಪರೀಕ್ಷೆಯಾದ ಡಬ್ಬವನ್ನೇ ತಗೊಳ್ಳಿ, ಬಿಲ್ಲನ್ನೂ ಡಬ್ಬವನ್ನೂ ಎತ್ತಿಡಿ.

ಮಳೆಗಾಲದಲ್ಲಿ ಪುಡಿ ಗಟ್ಟಿಯಾಯಿತು. ಬಿಸಾಡಬೇಕಾ?

ಬೇಡ. ಜೂನ್, ಜುಲೈಯಲ್ಲಿ ನಮ್ಮಲ್ಲಿ ಉಪ್ಪೇ ನೀರಾಗುತ್ತದೆ. ಗಟ್ಟಿಯಾದ ಪುಡಿಯನ್ನು ಒಡೆದು ಬಳಸಬಹುದು. ಬಣ್ಣ, ವಾಸನೆ ಬದಲಾಗಿದ್ದರೆ ಮಾತ್ರ ಬಿಸಾಡಿ. ಒದ್ದೆ ಚಮಚ ಹಾಕಬೇಡಿ. ನೀರಿಗೆ ಹಾಕಿದ ಮೇಲೆ ಹೊತ್ತು ಬಿಡದೆ ಕುಡಿಯಿರಿ. ನೀರಲ್ಲಿ, ಅದರಲ್ಲೂ ಲಿಂಬೆ ಶರಬತ್ತಿನಂಥ ಹುಳಿಯಲ್ಲಿ, ಕ್ರಿಯೇಟಿನ್ ನಿಧಾನಕ್ಕೆ ಕ್ರಿಯಾಟಿನಿನ್ ಆಗುತ್ತದೆ. ರಾತ್ರಿ ಕಲಸಿಟ್ಟು ಬೆಳಿಗ್ಗೆ ಕುಡಿಯುವ ಅಭ್ಯಾಸ ಬಿಡಿ.

ಕಾಫಿ, ಚಹಾ ಕುಡಿಯಬಹುದಾ?

1996ರ ಒಂದು ಸಣ್ಣ ಅಧ್ಯಯನದಲ್ಲಿ ಜಾಸ್ತಿ ಕೆಫೀನು ಕ್ರಿಯೇಟಿನ್ ಲಾಭವನ್ನು ಅಳಿಸಿತು ಎಂದಿತ್ತು. ನಂತರದ ಫಲಗಳು ಅತ್ತ ಇತ್ತ ಇವೆ. ದಿನಕ್ಕೆರಡು ಲೋಟ ಚಹಾಕ್ಕೆ ಹೆದರಬೇಕಾಗಿಲ್ಲ.

ಒಮ್ಮೆ ಶುರು ಮಾಡಿದರೆ ಬಿಡಲಿಕ್ಕೆ ಆಗುವುದಿಲ್ಲವಾ?

ಯಾವಾಗ ಬೇಕಾದರೂ ಬಿಡಬಹುದು, ಚಟ ಆಗುವ ವಸ್ತು ಅಲ್ಲ. ನಾಲ್ಕರಿಂದ ಆರು ವಾರದಲ್ಲಿ ಸ್ನಾಯುವಿನ ದಾಸ್ತಾನು ಮೊದಲಿನ ಮಟ್ಟಕ್ಕೆ ಬರುತ್ತದೆ. ನೀರಿನ ತೂಕ ಒಂದು ಕಿಲೋ ಇಳಿಯಬಹುದು. ಮೈ ತಾನೇ ಕ್ರಿಯೇಟಿನ್ ಮಾಡುವುದು ಪುಡಿ ತಿನ್ನುವಾಗ ಕಡಿಮೆಯಾಗಿರುತ್ತದೆ, ಬಿಟ್ಟ ಮೇಲೆ ಮತ್ತೆ ಶುರುವಾಗುತ್ತದೆ. ಎರಡು ತಿಂಗಳು ತಿಂದು ಒಂದು ತಿಂಗಳು ಬಿಡಬೇಕು ಎಂಬ ಜಿಮ್ ನಿಯಮಕ್ಕೂ ಆಧಾರ ಇಲ್ಲ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಜಿಮ್ಮಿಗೆ ಹೋಗಲು ಆಗದಿದ್ದರೆ ಪುಡಿಯನ್ನೂ ನಿಲ್ಲಿಸಿ, ಕೆಲಸ ಮುಗಿದ ಮೇಲೆ 3 ಗ್ರಾಂನಿಂದ ಮತ್ತೆ ಶುರು ಮಾಡಿ.